ನಲ್ಲಿ ಮಾವ ಮುಚ್ಚಿದ ವಾಲ್ವ್

ಬೀದಿಯಲ್ಲಿ ಯಾರ ಮನೆ ನಲ್ಲಿ ಸೋರಿದರೂ ಓಡಿ ಬರುವ ಪ್ಲಂಬರ್ ‘ನಲ್ಲಿ ಮಾವ’ನಿಗೆ ಆರು ತಿಂಗಳಿಂದ ಮೂತ್ರ ಕಟ್ಟಿಕಟ್ಟಿ ಹೋಗುತ್ತಿತ್ತು. ರಾತ್ರಿ ನಾಲ್ಕು ಸಲ ಏಳಬೇಕು. ಹೆಂಡತಿ ಕೇಳಿದರೆ, ಅರವತ್ತಾಯ್ತಲ್ಲ, ವಾಷರ್ ಸವೆದಿದೆ ಎಂದು ನಕ್ಕ. ತನಗೆ ಗೊತ್ತಿದ್ದ ರಿಪೇರಿಯನ್ನೂ ಮಾಡಿಕೊಂಡ. ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟ.

“ಮೇನ್ ವಾಲ್ವ್ ಬಂದ್ ಮಾಡಿದ್ದೀನಿ ಕಣೇ.”

ಹೆಂಡತಿ ಪಕ್ಕದ ಮನೆಯ ನರ್ಸ್ ಕಿವಿಗೆ ಹಾಕಿದಳು. ಆ ನರ್ಸ್ ತಾನು ಕೆಲಸ ಮಾಡುವ ಆಸ್ಪತ್ರೆಯ ಸಿಂಕ್ ಕೆಟ್ಟಿದೆಯೆಂದು ಅವನನ್ನು ಕರೆಸಿದಳು; ಸಿಂಕಿಗೆ ಏನೂ ಆಗಿರಲಿಲ್ಲ. ಅವನಿಗೆ ನಾಚಿಕೆಯಾಗಬಾರದೆಂದು ಬೆನ್ನು ತಿರುಗಿಸಿ ಹತ್ತಿಯುಂಡೆ ಮಾಡುತ್ತಾ ಒಂದೊಂದೇ ಕೇಳಿದಳು. ಅವನೂ ಸಿಂಕಿಗೇ ಹೇಳುವವನಂತೆ ಎಲ್ಲ ಹೇಳಿದ. ಅಂದೇ ಪಿಎಸ್‌ಎ ಎಂಬ ರಕ್ತಪರೀಕ್ಷೆಯಾಯಿತು. ಆಮೇಲೆ ಸ್ಕ್ಯಾನ್, ಬಯಾಪ್ಸಿ.

ಡಾಕ್ಟರು ರಿಪೋರ್ಟ್ ಮುಂದಿಟ್ಟು ಹೇಳಿದರು. ಮೂತ್ರಚೀಲದ ಕೆಳಗಿನ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್. ನಿಧಾನವಾಗಿ ಬೆಳೆಯುವುದೂ ಉಂಟಂತೆ. ಇವನದು ಬೇಗ ಹರಡುವ ಜಾತಿ. ಸದ್ಯ ಮೂಳೆಗೆ ಇಳಿದಿಲ್ಲ. ತಡಮಾಡದೆ ಇಂಜೆಕ್ಷನ್, ರೇಡಿಯೇಷನ್ ಶುರುವಾಗಬೇಕು.

ಹೊರಗಿನ ಬೆಂಚಿನ ಮೇಲೆ ಅವನದು ಒಂದೇ ಹಟ. ಶಾಲೆಯ ಪೈಪ್ ಕೆಲಸ ಮುಗಿಯಲಿ, ಮೂರೇ ತಿಂಗಳು.

“ನಮ್ಮ ವಂಶದಲ್ಲೇ ಇಲ್ಲದ ಕಾಯಿಲೆ ಇದು. ಅಣ್ಣ ಹೋಗಿದ್ದೂ ಸೊಂಟನೋವಿಂದ.”

ಹೆಂಡತಿ ಡಾಕ್ಟರ ಚೀಟಿ ಮಡಚುವುದನ್ನು ನಿಲ್ಲಿಸಿದಳು.

“ಸೊಂಟನೋವಿಂದ ಯಾರಾದ್ರೂ ಸಾಯ್ತಾರಾ? ಅವರಿಗೂ ಇದೇ ಆಗಿತ್ತು, ಸೊಂಟದ ಮೂಳೆಗೆ ಇಳಿದಿತ್ತು. ಯಾರಿಗೂ ಹೇಳಬೇಡ ಅಂತ ನಿಮ್ಮ ಅತ್ತಿಗೆ ಕೈಲಿ ಆಣೆ ಹಾಕಿಸ್ಕೊಂಡಿದ್ರು. ನಿಮ್ಮ ಪರೀಕ್ಷೆ ಸುದ್ದಿ ಕೇಳಿ ನಿನ್ನೆ ಅತ್ತಿಗೆನೇ ಬಾಯಿಬಿಟ್ರು.”

ನಲ್ಲಿ ಮಾವ ತನ್ನ ಅಂಗೈ ನೋಡಿಕೊಂಡ. ನಾಲ್ಕು ತಿಂಗಳು ಅಣ್ಣನ ಸೊಂಟಕ್ಕೆ ಎಣ್ಣೆ ತಿಕ್ಕಿದ ಕೈ ಅದು. ನರ್ಸ್ ತಂದಿಟ್ಟ ಟೀ ಆರಿ ತಣ್ಣಗಾಯಿತು. ಅವಳು ಇನ್ನೊಂದು ಬಿಸಿ ಲೋಟ ತಂದಿಟ್ಟಳು.

“ಇವತ್ತೇ ಶುರು ಮಾಡ್ತಾರೇನಮ್ಮ?” ಎಂದ.

ಮೊದಲ ಇಂಜೆಕ್ಷನ್ ಮುಗಿಸಿ ಬಂದವನೇ ಅಣ್ಣನ ಇಬ್ಬರು ಗಂಡುಮಕ್ಕಳಿಗೂ ಫೋನ್ ಮಾಡಿದ. ಕಾಯಿಲೆಯ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿದ.

ಓದುತ್ತಿರುವ ಅಣ್ಣತಮ್ಮಂದಿರೇ, ಮೂತ್ರದ ತೊಂದರೆಯೆಲ್ಲ ಕ್ಯಾನ್ಸರ್ ಅಲ್ಲ. ಆದರೆ ಅಲ್ಲ ಎನ್ನಬೇಕಾದವರು ಡಾಕ್ಟರು, ನೀವಲ್ಲ. ಮೊದಮೊದಲು ಯಾವ ತೊಂದರೆಯೂ ಕಾಣದೆ ಇರಬಹುದು. ಐವತ್ತಾಗಿದ್ದರೆ, ಅಪ್ಪನಿಗೋ ಒಡಹುಟ್ಟಿದವನಿಗೋ ಈ ಕ್ಯಾನ್ಸರ್ ಬಂದಿದ್ದರೆ ನಲವತ್ತೈದಕ್ಕೇ, ಪರೀಕ್ಷೆ ಬೇಕೇ ಎಂದು ಡಾಕ್ಟರನ್ನು ಕೇಳಿ. ನಿಮ್ಮ ಮನೆಯ ಗಂಡಸರು ನಿಜವಾಗಿ ಯಾವ ಕಾಯಿಲೆಯಿಂದ ಹೋದರು ಎಂಬುದನ್ನು ಈ ವಾರವೇ ಮನೆಯ ಹಿರಿಯ ಹೆಂಗಸರ ಪಕ್ಕ ಕೂತು ಕೇಳಿ.