ಮಿಷನ್ ಹೊಲಿಗೆ

ಅಣ್ಣನ ಹೆಣಕ್ಕೆ ನೀರು ಹಾಕಬೇಕೆಂದು ಅಂಗಿಯ ಕಸೆ ಬಿಚ್ಚುತ್ತಿದ್ದ ಬೈಲಪ್ಪನ ಕೈ ಎಡಗಡೆಯ ಕಸೆಯ ಹತ್ತಿರ ನಿಂತುಬಿಟ್ಟಿತು. ಗಂಟೇನೂ ಬಿಗಿದಿರಲಿಲ್ಲ. ಕಸೆಯನ್ನು ಅಂಗಿಗೆ ಕೂಡಿಸಿದ ಜಾಗದ ಮೇಲೆ ಹೆಬ್ಬೆರಳನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿದ. ಬಗ್ಗಿ ನೋಡಿದ.

"ತಿಪ್ಪೇಶ, ನಿನ್ ಕಣ್ಣು ಚುರುಕು. ಇದೇನ್ಲಾ ಇದು?"

ತಂಬಿಗೆ ಹಿಡಿದು ನಿಂತಿದ್ದ ತಿಪ್ಪೇಶ ಬಗ್ಗಿದ. "ಹೊಲಿಗೆ."

"ಹೊಲಿಗೆ ಅಂತ ನಂಗೂ ಗೊತ್ತು ಕಣ್ಲಾ. ಕೈಹೊಲಿಗೆನಾ?"

ತಿಪ್ಪೇಶ ಇನ್ನಷ್ಟು ಬಗ್ಗಿ ನೋಡಿದ. ರಾಗಿಕಾಳು ಸಾಲಾಗಿ ಜೋಡಿಸಿಟ್ಟ ಹಾಗೆ ಒಂದೇ ಅಳತೆಯ ಹೊಲಿಗೆ. ಮನುಷ್ಯರ ಕೈ ಅಷ್ಟು ನೇರಕ್ಕೆ ಹೋಗುವುದುಂಟೇ?

ಗುರು ಬರಿಗಾಲಯ್ಯನ ಒಕ್ಕಲಿನವರ ಕಟ್ಟಳೆ ಮದಲೂರಿನ ಸುತ್ತ ಎಲ್ಲರಿಗೂ ಗೊತ್ತು. ಕೆರೆಯ ಆಚೆಗೆ ಹನ್ನೊಂದು ಮನೆ. ಮನೆಗೆ ಕರೆಂಟಿಲ್ಲ, ಗೋಡೆಗೆ ಫೋಟೋ ಇಲ್ಲ, ಅಂಗಿಗೆ ಗುಂಡಿ ಇಲ್ಲ. ಬಸ್ಸು ಹತ್ತಬಹುದು, ಸ್ವಂತ ಬೈಕು ಕೂಡದು. ಬಟ್ಟೆಯನ್ನು ಹೆಂಗಸರೇ ಕೂತು ಕೈಯಲ್ಲಿ ಹೊಲಿಯಬೇಕು. ಒಬ್ಬರ ಗೋಡೆ ಬಿದ್ದರೆ ಹನ್ನೊಂದು ಮನೆಯವರೂ ಬಂದು ಮೂರು ದಿನದಲ್ಲಿ ಎಬ್ಬಿಸಿಕೊಡುತ್ತಾರೆ. ಒಬ್ಬರು ತಪ್ಪಿ ನಡೆದರೆ ಹನ್ನೊಂದು ಬಾಗಿಲೂ ಹಾಕಿಕೊಳ್ಳುತ್ತವೆ. ಹೊರಗಿಟ್ಟವರ ಕೈಯಿಂದ ನೀರಿರಲಿ, ಒಂದು ಎಳೆ ದಾರವನ್ನೂ ಈಸಿಕೊಳ್ಳುವ ಹಾಗಿಲ್ಲ. ಈಸಿಕೊಂಡವರೂ ಹೊರಗೇ. ಅಂಥವರು ಸತ್ತರೆ ಒಕ್ಕಲಿನವರ ಹೆಗಲೂ ಇಲ್ಲ, ಒಕ್ಕಲಿನ ಮಣ್ಣೂ ಇಲ್ಲ. ಮೂವತ್ತು ವರ್ಷ ಈ ಕಟ್ಟಳೆಯನ್ನು ಕಾದ ಯಜಮಾನ ಕದಿರಯ್ಯನೇ ಈಗ ಹಲಗೆಯ ಮೇಲೆ ಮಲಗಿದ್ದ.

ಬೈಲಪ್ಪ ಅಂಗಿ ಹಿಡಿದು ಅಂಗಳಕ್ಕೆ ಬಂದ. "ಯಾರ ಮನ್ಯಾಗೆ ಮಿಷನ್ ಮಡಗವ್ರೆ? ಈಗ್ಲೇ ಹೇಳ್ಬುಡಿ."

ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ಒಬ್ಬರ ರವಿಕೆಯನ್ನು ಒಬ್ಬರು ನೋಡತೊಡಗಿದರು. ಬೈಲಪ್ಪನ ಹೆಂಡತಿ ಜಗದಾಂಬ ಯಾಕೋ ಸೆರಗಿನ ಅಂಚನ್ನು ಒಳಗೆ ಮಡಚಿಕೊಂಡಳು. ಸತ್ತವನ ಹೆಂಡತಿ ಚಿಕ್ಕಹನುಮಕ್ಕ ಮಾತ್ರ ಗೋಡೆಗೆ ಒರಗಿದವಳು ಅಲ್ಲಾಡಲಿಲ್ಲ.

"ನಮ್ಮೋರ ಮನ್ಯಾಗೆ ಎಲ್ಲಿಂದ ಬತ್ತದೆ ಮಿಷನ್ನು?" ಎಂದು ಜಗದಾಂಬ ರಸ್ತೆಯ ಕಡೆ ಗಲ್ಲ ತಿರುಗಿಸಿದಳು. "ಮಿಷನ್ನಿನೋಳು ಅಗೋ ಅಲ್ಲಿ ನಿಂತವ್ಳಲ್ಲ."

ರಸ್ತೆಯ ಆಚೆ ಹುಣಸೆಮರದ ಕೆಳಗೆ ಕದಿರಯ್ಯನ ಮಗಳು ವೇದಾವತಿ ಒಬ್ಬಳೇ ನಿಂತಿದ್ದಳು. ಊರಿನ ಯಾರೋ ಫೋನು ಮಾಡಿ ತಿಳಿಸಿದ್ದರು. ರಸ್ತೆ ದಾಟುವ ಹಕ್ಕು ಅವಳಿಗಿರಲಿಲ್ಲ.

*

ಹದಿನಾಲ್ಕು ವರ್ಷದ ಹಿಂದೆ ಅವಳು ಮಾಡಿದ ಮಹಾಪರಾಧ ಇಷ್ಟೇ. ಶಿರಾದಿಂದ ಒಂದು ಹೊಲಿಗೆ ಮಿಷನ್ನನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ತಂದಳು.

"ಇದ್ಕೆ ಕರೆಂಟ್ ಬ್ಯಾಡಪ್ಪ. ಕಾಲಾಗೆ ತುಳಿಯೋದು," ಎಂದು ಗೋಗರೆದಳು.

"ಕರೆಂಟಿನ ಮಾತಲ್ಲ ಕಣವ್ವ," ಎಂದ ಕದಿರಯ್ಯ. "ಈಗ ಹನ್ನೊಂದು ಮನೆ ಹೆಂಗಸ್ರು ಒಂದೇ ಜಗಲಿ ಮ್ಯಾಲೆ ಕೂತು ಹೊಲಿತಾರೆ. ಇದು ಬಂದ್ರೆ ಒಬ್ಬೊಬ್ರೇ ಕೂತ್ಕಂತಾರೆ. ಮಿಷನ್ ಬೇಕಾ, ಮನೆ ಬೇಕಾ?"

ಇಪ್ಪತ್ತು ವರ್ಷದ ಹುಡುಗಿ, ಅಪ್ಪನದೇ ಹಟ. "ಮಿಷನ್ನು," ಅಂದುಬಿಟ್ಟಳು.

ಕದಿರಯ್ಯ ಅವಳ ತಟ್ಟೆಯನ್ನು ತಾನೇ ಎತ್ತಿ ಹೊಸ್ತಿಲ ಆಚೆ ಇಟ್ಟ. ಆಗ ಅವನ ಕೈ ನಡುಗಲಿಲ್ಲವೆಂದು ಒಕ್ಕಲಿನವರು ಇವತ್ತಿಗೂ ಹೊಗಳುತ್ತಾರೆ. ಹೊಗಳುವುದಕ್ಕೆ ಅದೇನು ಘನಂದಾರಿ ಕೆಲಸವೋ!

*

ಬೈಲಪ್ಪ ರಸ್ತೆಯ ಈಚೆಯೇ ನಿಂತು ಅಂಗಿಯನ್ನು ಎತ್ತಿ ತೋರಿಸಿದ. "ಈ ಹೊಲಿಗೆ ನಿಂದೇನಮ್ಮಿ?"

ವೇದಾವತಿಗೆ ಅಲ್ಲಿಂದಲೇ ಅಂಗಿಯ ಗುರುತು ಸಿಕ್ಕಿತು. ತನ್ನ ಹೊಲಿಗೆ ತನಗೆ ತಿಳಿಯದೇ? ಹೌದೆಂದರೆ ಅಪ್ಪ ಹೊರಗಿನವನಾಗುತ್ತಾನೆ. ಒಕ್ಕಲಿನ ಮಣ್ಣಲ್ಲಿ ತೋಡಿಟ್ಟ ಗುಂಡಿ ಹಾಗೇ ಉಳಿಯುತ್ತದೆ.

*

ಕದಿರಯ್ಯ ಶಿರಾ ಸಂತೆಗೆ ಬಂದಾಗಲೆಲ್ಲ, ವೇದಾವತಿ ಅಲ್ಲಿ ಇಟ್ಟಿದ್ದ ಹೊಲಿಗೆ ಅಂಗಡಿಯ ಎದುರು ಸಾಲಿನಲ್ಲಿ ತಲೆ ಬಗ್ಗಿಸಿ ಹಾದುಹೋಗುತ್ತಿದ್ದ. ಹೋದ ವರ್ಷ ಒಂದು ದಿನ ಏನನ್ನಿಸಿತೋ, ರಸ್ತೆ ದಾಟಿ ಬಂದ. ಟವೆಲು ಹೊದ್ದು, ಅಂಗಿ ಬಿಚ್ಚಿ ಟೇಬಲ್ಲಿನ ಮೇಲಿಟ್ಟ.

"ಕಸೆ ಕಿತ್ತೋಗೈತೆ."

ವೇದಾವತಿ ಸೂಜಿಗೆ ದಾರ ಪೋಣಿಸಲು ಹೋದಳು.

"ಸೂಜಿ ಬ್ಯಾಡ. ಮಿಷನ್ನಾಗೇ ಹೊಲಿ."

ಅವಳು ಹೊಲಿದಳು. ಕಣ್ಣು ಮಂಜಾಗಿ ಬಟ್ಟೆಯೇ ಕಾಣುತ್ತಿರಲಿಲ್ಲ. ಅಭ್ಯಾಸದ ಕೈ, ನೇರವಾಗಿ ಹೋಯಿತು. ಅವನು ಮಿಷನ್ನಿನ ಕಡೆ ಕಿವಿಯಿಟ್ಟು ನಿಂತಿದ್ದ.

"ಇಷ್ಟೇನಾ ಇದ್ರ ಸದ್ದು?"

"ಇಷ್ಟೇ ಕಣಪ್ಪ."

ಅಂಗಿ ತೊಟ್ಟು ಹೋದವನು ಮತ್ತೆ ಬರಲಿಲ್ಲ.

*

"ನಂದಲ್ಲ," ಎಂದಳು ವೇದಾವತಿ. "ನಮ್ಮಪ್ಪ ನನ್ ಅಂಗ್ಡಿ ಮೆಟ್ಲು ತುಳ್ದೇ ಇಲ್ಲ ಚಿಕ್ಕಪ್ಪ. ಆಣೆ."

"ಆಣೆ ಹಾಕೋರ್ನೇ ನಾನು ನಂಬಾಕಿಲ್ಲ." ಬೈಲಪ್ಪ ವಾಪಸು ಬಂದು ಎಲ್ಲರ ಮುಖ ನೋಡಿದ. "ಇದು ಇತ್ಯರ್ಥ ಆಗದೆ ನಾನು ಚಟ್ಟಕ್ಕೆ ಹೆಗಲು ಕೊಡಾಕಿಲ್ಲ. ಪಂಚಾಯ್ತಿ ಸ್ಮಶಾನ ಐತೆ, ಬೇಕಾದೋರು ಹೊತ್ಕಂಡೋಗ್ಲಿ."

ಹೆಗಲು ಕೊಡಲು ಬಂದವರು ದೂರ ನಿಂತರು. ತಿಪ್ಪೇಶ ಕೂಡ ಒಂದು ಹೆಜ್ಜೆ ಹಿಂದೆ ಸರಿದ. ನಿನ್ನೆಯವರೆಗೂ ಇವರೆಲ್ಲ ಕದಿರಯ್ಯನ ಎದುರು ಕೈಕಟ್ಟಿ ನಿಲ್ಲುತ್ತಿದ್ದವರು.

ಚಿಕ್ಕಹನುಮಕ್ಕ ಗೋಡೆ ಹಿಡಿದು ಎದ್ದಳು. "ಬೈಲಪ್ಪ, ಹೊಲ್ಸಿದ್ದು ನಾನು."

"ಏನಂದೆ ಅತ್ಗೆ?"

"ನಾನೇ ಶಿರಾಕ್ಕೆ ತಕಂಡೋಗಿ ಮಗಳ ಕೈಲಿ ಹೊಲಿಸ್ಕಂಡು ಬಂದೆ. ನಿಮ್ಮಣ್ಣಂಗೆ ಗೊತ್ತಿಲ್ಲ. ಕಣ್ಣಿಗೆ ಪೊರೆ ಬಂದಿತ್ತು, ಎಲ್ಲಿ ಕಂಡಾತು?"

"ಅವ್ಳು ನಂದಲ್ಲ ಅಂತಾವ್ಳಲ್ಲ?"

"ನನ್ನ ಉಳ್ಸಾಕೆ ಸುಳ್ಳಾಡ್ತಾವ್ಳೆ."

ಮರದ ಕೆಳಗೆ ವೇದಾವತಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ಈ ಹದಿನಾಲ್ಕು ವರ್ಷದಲ್ಲಿ ಅವ್ವ ಒಂದು ಸಲವೂ ಶಿರಾದ ಅಂಗಡಿಗೆ ಬಂದವಳಲ್ಲ. ವಾರವಾರ ಆ ಅಂಗಿ ಒಗೆಯುತ್ತಿದ್ದ ಕೈಗೆ ಹೊಲಿಗೆ ಯಾರದೆಂದು ಗೊತ್ತಾಗಿರಬೇಕು. ಗೊತ್ತಾಗಿಯೂ ಗಂಡನ ಹತ್ತಿರ ಒಂದು ಮಾತು ಎತ್ತಿರಲಿಕ್ಕಿಲ್ಲ.

"ಅಕ್ಕಾ, ಏನಂತಿದೀಯ ಅಂತ ಗ್ಯಾನ ಐತಾ?" ಜಗದಾಂಬ ಅವಳ ತೋಳು ಹಿಡಿದಳು. "ಗಂಡನ ಗುಂಡಿಗೆ ಒಂದು ಹಿಡಿ ಮಣ್ಣು ಹಾಕಾಕೂ ಆಗಾಕಿಲ್ಲ ನಿಂಗೆ."

"ಗೊತ್ತು ಕಣಮ್ಮ. ಆ ಕಟ್ಟಳೆ ಕಾದೋನ ಜತೆಗೇ ಬಾಳ್ದೋಳು ನಾನು."

ಬೈಲಪ್ಪ ಅವಳನ್ನು ದಿಟ್ಟಿಸಿದ. "ಯಾವಾಗ ಹೋಗಿದ್ದೆ ಶಿರಾಕ್ಕೆ? ಯಾವ ಬಸ್ನಾಗೆ?"

"ಹೋಗಿದ್ದೆ ಅಂದ್ಮೇಲೆ ಹೋಗಿದ್ದೆ. ನಿಮ್ಮಣ್ಣ ಒಳಗಿನೋನು. ಎತ್ರಿ, ಬಿಸ್ಲಾತು."

ಬೈಲಪ್ಪ ನಂಬಲಿಲ್ಲ. ಅವನ ಮುಖ ನೋಡಿದರೇ ತಿಳಿಯುತ್ತಿತ್ತು. ಆದರೆ ಅಣ್ಣನನ್ನು ಪಂಚಾಯ್ತಿ ಸ್ಮಶಾನಕ್ಕೆ ಕಳಿಸುವುದು ಅವನಿಗೂ ಬೇಕಿರಲಿಲ್ಲ. "ನೀರು ಹಾಕ್ರಪ್ಪ," ಎಂದ. ಜಗದಾಂಬ ಹಿಡಿದಿದ್ದ ತೋಳನ್ನು ಬಿಟ್ಟಳು.

ನೀರು ಹಾಕಿ ಹೆಣವನ್ನು ಚಟ್ಟಕ್ಕೆ ತಂದಾಗ ಚಿಕ್ಕಹನುಮಕ್ಕ ಗಂಡನ ಮುಖವನ್ನು ಒಂದು ಸಲ ನೋಡಿದಳು. ಮುಟ್ಟಲಿಲ್ಲ. ಅಂಗಳ ಇಳಿದು ರಸ್ತೆ ದಾಟಿದಳು.

ಅವ್ವ ಬೆಳಗಿನಿಂದ ಒಂದು ಹನಿ ನೀರೂ ಕುಡಿದಿಲ್ಲವೆಂದು ಒಣಗಿದ ತುಟಿಯೇ ಹೇಳುತ್ತಿತ್ತು. ವೇದಾವತಿ ಚೀಲದಿಂದ ನೀರಿನ ಬಾಟಲಿ ತೆಗೆದಳು. ಕೊಡಲು ಹೋದವಳು ಕೈ ಹಿಂದಕ್ಕೆಳೆದುಕೊಂಡು, ಬಾಟಲಿಯನ್ನು ಕಲ್ಲಿನ ಮೇಲಿಟ್ಟು ದೂರ ಸರಿದಳು. ಇಷ್ಟು ವರ್ಷ ಒಕ್ಕಲಿನವರು ಯಾರು ಎದುರಾದರೂ ಅವಳು ಮಾಡುತ್ತಿದ್ದುದು ಹಾಗೆಯೇ.

ಚಿಕ್ಕಹನುಮಕ್ಕ ಬಾಟಲಿ ಮುಟ್ಟಲಿಲ್ಲ. ಮಗಳ ಎದುರು ಕುಕ್ಕರುಗಾಲಲ್ಲಿ ಕೂತು, ಎರಡೂ ಕೈ ಕೂಡಿಸಿ ಬೊಗಸೆಯೊಡ್ಡಿದಳು.

"ನಿನ್ ಕೈಯಾರೆ ಹುಯ್ಯವ್ವ."

ಅಂಗಳದಲ್ಲಿ ಚಟ್ಟ ಎದ್ದಿತು. ಹೊತ್ತವರು ರಸ್ತೆಗೆ ಬಂದು, ಹುಣಸೆಮರದ ಹತ್ತಿರ ಒಬ್ಬೊಬ್ಬರಾಗಿ ಮುಖ ಆಚೆಗೆ ತಿರುಗಿಸಿಕೊಂಡು ಸಾಗಿದರು. ವೇದಾವತಿ ಬಾಟಲಿ ಎತ್ತಿ ಹುಯ್ದಳು. ಬೊಗಸೆ ತುಂಬಿ, ನೀರು ಮೊಣಕೈಗುಂಟ ಇಳಿದು ಸೀರೆ ತೋಯಿಸುತ್ತಿದ್ದರೂ ಚಿಕ್ಕಹನುಮಕ್ಕ ಸಾಕೆನ್ನದೆ ಕುಡಿಯುತ್ತಲೇ ಇದ್ದಳು.