ಗೆಜ್ಜೆ ಬಿಚ್ಚಿದ ಪಟ್ಟಿ

ಭೈರೇಶನಿಗೆ ಯೂಟ್ಯೂಬ್ ನೋಡಿ ಏನಾದರೊಂದು ಮಾಡುವ ಚಟ. ಉಲ್ಲಾಳದಲ್ಲಿ ಅಪ್ಪ ಬಿಟ್ಟುಹೋದ ಜಾಗದಲ್ಲಿ ಬಿಲ್ಡಿಂಗ್ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದಾನಲ್ಲ, ಪುರುಸೊತ್ತಿಗೇನು ಬರ? ಹೋದ ವರ್ಷ ಟೆರೇಸಿನಲ್ಲಿ ಜೇನು ಸಾಕುತ್ತೇನೆಂದು ಹೋಗಿ ಬಾಡಿಗೆಯವರ ಮುಖ ಮೂತಿಯೆಲ್ಲ ಊದಿಸಿದ್ದ. ಈ ವರ್ಷ ಹಳೇ ಕಾಲದ ಕ್ಷೌರದ ಕತ್ತಿ. ಕತ್ತಿ ಕೊಂಡರೆ ಮುಗಿಯಿತೇ? ಅದನ್ನು ದಿನಾ ಎಳೆದೆಳೆದು ಹರಿತ ಮಾಡಲು ಚರ್ಮದ ಪಟ್ಟಿ ಬೇಕು. ಅಂಗಡಿಯಲ್ಲಿ ಸಿಗುತ್ತದೆ, ತಂದುಬಿಡಬಾರದೆ? ಊಹೂಂ. ಸ್ವಂತ ಕೈಯಲ್ಲೇ ಮಾಡಬೇಕಂತೆ.

"ಹಬ್ಬದ ಹೊತ್ತಲ್ಲಿ ಮನೇಲಿ ಚರ್ಮ ಕುಯ್ತಾ ಕೂತ್ರೆ ಅತ್ತೆ ಸುಮ್ನೆ ಬಿಡ್ತಾರೇನ್ರೀ?" ಎಂದು ಹೆಂಡತಿ ಮಾನಸ ಗದರಿದಳು.

"ಟೆರೇಸ್ ಮೇಲೆ ಮಾಡ್ತೀನಿ ಕಣೇ. ಅಮ್ಮಂಗೆ ಗೊತ್ತೇ ಆಗಲ್ಲ."

ಸಂಕ್ರಾಂತಿಯ ಹಿಂದಿನ ದಿನ ಟೆರೇಸಿಗೆ ಹೋದರೆ, ಮೋಟುಗೋಡೆಯ ಮೇಲೆ ಅಂಗೈ ಅಗಲದ ಚರ್ಮದ ಪಟ್ಟಿಯೊಂದು ಬಿಸಿಲಿಗೆ ಬಿದ್ದಿತ್ತು. ಕರ್ರಗೆ, ದಪ್ಪಗೆ, ಎಣ್ಣೆ ಕುಡಿದು ಮೆತ್ತಗಾಗಿತ್ತು. ಅಂಚಿನುದ್ದಕ್ಕೂ ತೂತುಗಳು, ನಡುವೆ ಮಾತ್ರ ಒಂದು ಗೀರೂ ಇಲ್ಲ. ಬಾಡಿಗೆಯವರು ಯಾರೋ ಬಿಸಾಕಿದ ಹಳೇ ಬ್ಯಾಗಿನದಿರಬೇಕು ಎಂದುಕೊಂಡ. ಒಂದು ಮಾತು ಕೇಳೋಣ ಎಂದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ. ಸ್ಟೀಲ್ ಸ್ಕೇಲ್ ಇಟ್ಟು ತೂತಿನ ಅಂಚುಗಳನ್ನು ಕಟ್ಟರಿನಿಂದ ಕುಯ್ದು ಪಕ್ಕಕ್ಕೆಸೆದ. ಹಿಂಬದಿಯ ಜಿಡ್ಡು ಹೋಗುವ ತನಕ ಎಮರಿ ಪೇಪರಿನಲ್ಲಿ ಉಜ್ಜಿದ. ಬಾಗಿಲು ಮಾಡಿಸಿದಾಗ ಉಳಿದಿದ್ದ ತೇಗದ ಹಲಗೆಗೆ ಅಂಟು ಬಳಿದು ಕೂರಿಸಿ, ಮೇಲೆ ಸೈಜುಗಲ್ಲು ಹೇರಿದ. "ಈ ಅಂಟು ಹಿಡೀತು ಅಂದ್ರೆ ಆನೆ ಎಳೆದ್ರೂ ಬರಲ್ಲ" ಎಂದು ಮಾನಸಳ ಮುಂದೆ ಜಂಬ ಬೇರೆ.

ಹಬ್ಬದ ಬೆಳಿಗ್ಗೆ ಆ ಪಟ್ಟಿಯ ಮೇಲೆ ಕತ್ತಿ ಎಳೆದು ಗಡ್ಡ ಬೋಳಿಸಿಕೊಂಡ. ಏನು ನುಣುಪು ಅಂತೀರಿ! ನೇರ ಅಡುಗೆಮನೆಗೆ ಹೋಗಿ ಅಮ್ಮನ ಮುಂದೆ ಕೆನ್ನೆ ಒಡ್ಡಿದ. ಚಿಕ್ಕಲಕ್ಷ್ಮಮ್ಮ ಎಳ್ಳು ಹುರಿಯುತ್ತಿದ್ದ ಕೈ ಒರೆಸಿಕೊಂಡು ಸವರಿ ನೋಡಿದರು.

"ಮದ್ವೆ ಗಂಡಿನಂಗೆ ಕಾಣ್ತೀಯಲ್ಲೋ ನನ್ ಮಗ್ನೇ!" ಎಂದು ನೆಟಿಗೆ ಮುರಿದರು.

ಮಧ್ಯಾಹ್ನ ಅದೇ ಅಮ್ಮ ಟೆರೇಸಿನಿಂದ ಇಳಿದು ಬಂದರು. ಹುಣಸೆಹಣ್ಣು ಹಾಕಿ ಉಜ್ಜಿ ತೊಳೆದ ಹಿತ್ತಾಳೆ ಗೆಜ್ಜೆಗಳು ಮಡಿಲಲ್ಲಿ ಥಳಥಳ ಹೊಳೆಯುತ್ತಿದ್ದವು.

"ಭೈರೇಶ, ಗೆಜ್ಜೆ ಬಿಚ್ಚಿ ಪಟ್ಟೀನ ಗೋಡೆ ಮೇಲೆ ಒಣಗಾಕಿದ್ದೆ. ಹರಳೆಣ್ಣೆ ಹಚ್ಚಿದ್ದೆ. ನೋಡ್ದೇನೋ?"

ಭೈರೇಶನ ಎದೆ ಧಸಕ್ಕೆಂದಿತು.

ಆ ಗೆಜ್ಜೆಪಟ್ಟಿ ಅವನಿಗೆ ಗೊತ್ತಿಲ್ಲದ್ದಲ್ಲ. ಆದರೆ ಅವನು ಕಂಡದ್ದೆಲ್ಲ ಗೆಜ್ಜೆ ಕಟ್ಟಿದ್ದಾಗ, ಅದೂ ದೂರದಿಂದ. ಮನೆಯಲ್ಲಿ ಎತ್ತು ಇಲ್ಲದೆ ಎಷ್ಟೋ ಕಾಲವಾಗಿತ್ತು. ಆದರೂ ಪ್ರತಿ ಸಂಕ್ರಾಂತಿಗೆ ಅಮ್ಮ ಅದನ್ನು ಒಯ್ದು, ಇನ್ನೂ ಎತ್ತು ಕಟ್ಟಿಕೊಂಡಿರುವ ಅಂಜಿನಯ್ಯನ ಎತ್ತಿನ ಕೊರಳಿಗೆ ಕಟ್ಟಿ, ಅದು ಕಿಚ್ಚು ಹಾಯ್ದ ಮೇಲೆಯೇ ಬಾಯಿಗೆ ತುತ್ತಿಡುತ್ತಿದ್ದರು. ಭೈರೇಶ ಮಾತ್ರ ಅತ್ತ ಸುಳಿದವನಲ್ಲ. ಅವನು ಚಿಕ್ಕವನಿದ್ದಾಗ ಕೆಂದ ಎಂಬ ಎತ್ತು ಅವನ ಜೀವವೇ ಆಗಿತ್ತು. ರಜಕ್ಕೆಂದು ಸೋದರತ್ತೆಯ ಮನೆಗೆ ಹೋಗಿ ಬರುವಷ್ಟರಲ್ಲಿ ಅಪ್ಪ ರಾಮಯ್ಯ ಅದನ್ನು ಸಂತೆಗೆ ಹೊಡೆದು ಮಾರಿದ್ದರು. ಆ ಸಿಟ್ಟು ಅಪ್ಪ ಸಾಯುವ ತನಕ ಹೋಗಲಿಲ್ಲ. ಸತ್ತ ಮೇಲೂ ಪೂರ್ತಿ ಹೋಗಿರಲಿಲ್ಲ.

ಸುಳ್ಳು ನಾಲಿಗೆ ತುದಿಗೆ ಬಂದಿತ್ತು, ನುಂಗಿದ. ಹಲಗೆಯನ್ನೂ ಕುಯ್ದ ಅಂಚುಗಳನ್ನೂ ತಂದು ಅಮ್ಮನ ಮುಂದಿಟ್ಟ.

"ಅಯ್ಯೋ ಶಿವನೇ!"

ಚಿಕ್ಕಲಕ್ಷ್ಮಮ್ಮ ಮೆಟ್ಟಿಲ ಮೇಲೆ ಕುಸಿದು ಕೂತರು. ಮಡಿಲ ಗೆಜ್ಜೆಗಳು ಟೈಲ್ಸಿನ ಮೇಲೆಲ್ಲ ಉರುಳಿದವು. ಮಾನಸ ಒಳಗಿಂದ ಓಡಿಬಂದು ಬಾಯಿಯ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟಳು.

"ತಪ್ಪಾಯ್ತು, ಬೈಯಮ್ಮ. ಎತ್ತಿನ ಪಟ್ಟಿ ತಾನೆ, ಇದಕ್ಕಿಂತ ಚೆನ್ನಾಗಿರೋದು ಮಾಡಿಸ್ಕೊಡ್ತೀನಿ."

"ಎತ್ತಿನ ಪಟ್ಟಿ ಅಲ್ಲ ಕಣೋ." ಅಮ್ಮ ಹಲಗೆಯ ಮೇಲೆ ಅಂಗೈ ಇಟ್ಟರು. "ಇದೇ ಎತ್ತು. ಇದು ಕೆಂದ."

ಭೈರೇಶನಿಗೆ ಏನೂ ಅರ್ಥವಾಗಲಿಲ್ಲ.

"ಕೆಂದನ್ನ ಮಾರ್ಲಿಲ್ಲ ಕಣಪ್ಪ. ಹಾವು ಮುಟ್ಟಿ ಸತ್ತೋಯ್ತು. ಆಗೆಲ್ಲ ಸತ್ತ ದನದ ಚರ್ಮ ತಗೊಂಡೋದೋರು, ಅದ್ರಲ್ಲೇ ಒಂದು ಪಟ್ಟಿನೋ ಮಿಣಿನೋ ಮಾಡಿ ಮನೆಯೋರಿಗೆ ಕೊಡೋದು ವಾಡಿಕೆ. ಇದನ್ನ ಇಸ್ಕೊಂಡಾಗ ನಿಮ್ಮಪ್ಪ ಮಗು ಅತ್ತಂಗೆ ಅತ್ರು."

"ಮತ್ತೆ... ಮಾರ್ದೆ ಅಂತ ಯಾಕಮ್ಮ ಹೇಳಿದ್ರು?"

"'ಸತ್ತೋಯ್ತು ಅಂದ್ರೆ ಹುಡುಗ ಅನ್ನ ಬಿಡ್ತಾನೆ. ಮಾರ್ದೆ ಅಂದ್ರೆ ನನ್ನ ಬೈಕೊಂಡಾದ್ರೂ ಉಣ್ತಾನೆ' ಅಂದ್ರು. ದೊಡ್ಡೋನಾದ್ಮೇಲೆ ಹೇಳಾಣ ಅಂತಿದ್ರು. ನೀನು ಅವ್ರತ್ರ ಕೂತು ಮಾತಾಡಿದ್ರೆ ತಾನೆ! ಅವ್ರು ಹೋದ್ಮೇಲೆ ಹೇಳಿ ನಿನ್ನ ಹೊಟ್ಟೆ ಯಾಕೆ ಉರಿಸ್ಲಿ ಅಂತ ನಾನೂ ಸುಮ್ನಾದೆ."

ಭೈರೇಶನಿಗೆ ಸಿಡಿಲು ಬಡಿದ ಹಾಗಾಯಿತು. ಕೈ ತಾನಾಗಿಯೇ ಕೆನ್ನೆಗೆ ಹೋಯಿತು. ಕೆಂದನ ಬೆನ್ನಿನ ಮೇಲೆ ಬೋರಲು ಮಲಗಿ ಉಜ್ಜುತ್ತಿದ್ದ ಅದೇ ಕೆನ್ನೆ. ಹುಚ್ಚು ಹಿಡಿದವನ ಹಾಗೆ ಹಲಗೆ ಎತ್ತಿಕೊಂಡು ಚರ್ಮವನ್ನು ಕೀಳತೊಡಗಿದ. ಉಗುರು ಮುರಿಯಿತು. ಆ ಹಾಳು ಅಂಟು ಒಂದು ಕೂದಲೆಳೆಯಷ್ಟೂ ಬಿಡಲಿಲ್ಲ.

"ಬಿಡೋ, ಹರಿದೋಗ್ತದೆ!" ಅಮ್ಮ ಕೈ ಹಿಡಿದರು. ಆಮೇಲೆ ಕುಯ್ದ ಅಂಚುಗಳನ್ನು ಬೆಳಕಿಗೆ ಹಿಡಿದರು. "ತೂತು ಇದ್ರಲ್ಲೇ ಅವೆ ನೋಡು. ಈ ಅಂಚುಗಳ್ನೇ ಜೋಡ್ಸಿ ಪಟ್ಟಿ ಹೊಲಿ. ಹೊತ್ತು ಮುಳುಗೋ ಮುಂಚೆ ಗೆಜ್ಜೆ ಅಂಜಿನಯ್ಯನ ಮನೇಲಿರ್ಬೇಕು."

ಭೈರೇಶ ದಬ್ಬಳ, ಹುರಿ ಹಿಡಿದು ಕೂತ. ಯಾವ ವಿಡಿಯೋವನ್ನೂ ನೋಡಲಿಲ್ಲ. ಹೊಲಿಗೆ ಸೊಟ್ಟಗೆ ಬಂತು, ಬೆರಳಿಗೆ ಚುಚ್ಚಿತು, ಕಣ್ಣು ಮಂಜಾಗಿ ದಾರವೇ ಕಾಣದಾಯಿತು. ಮಾನಸ ಪಕ್ಕದಲ್ಲಿ ಕೂತು ಒಂದೊಂದೇ ಗೆಜ್ಜೆ ಆರಿಸಿ ಕೊಟ್ಟಳು.

ಸಂಜೆ ಅಮ್ಮನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಅಂಜಿನಯ್ಯನ ಮನೆ ಮುಂದೆ ಇಳಿದ. ರಸ್ತೆಯಲ್ಲೇ ಹುಲ್ಲು ಹರಡಿದ್ದರು. ಅರಿಶಿನ ಬಳಿದುಕೊಂಡ ಎತ್ತು ಕಾಲು ಕೆದರುತ್ತಿತ್ತು. ಭೈರೇಶ ತಾನೇ ಮುಂದೆ ಹೋಗಿ ಅದರ ಕೊರಳಿಗೆ ಪಟ್ಟಿ ಕಟ್ಟಿದ.

"ಅಲ್ಲಾ, ಇದೇನಪ್ಪಾ ಭೈರೇಶ!" ಮುದುಕ ಅಂಜಿನಯ್ಯ ಬೆಂಕಿಪೊಟ್ಟಣ ಹಿಡಿದು ಬೆಪ್ಪಾಗಿ ನಿಂತ. "ಕೊನೆಗೂ ಬಂದೇಬಿಟ್ಯಲ್ಲ! ನಿಮ್ಮಪ್ಪ ಇಲ್ಲೇ, ಈ ಲೈಟ್ ಕಂಬದತ್ರ ನಿಂತ್ಕೊತಿದ್ದ. ಕಿಚ್ಚು ಹಚ್ಚೋಕೆ ಹೋದ್ರೆ ಪ್ರತಿ ವರ್ಷ ನನ್ನ ಕೈ ಹಿಡ್ಕೊಳೋನು. 'ಒಂದ್ ಗಳಿಗೆ ತಡಿ ಅಂಜಿನಯ್ಯ, ಈ ಸಲ ನನ್ನ ಮಗ ಬರ್ಬೋದು' ಅಂತ."

ಭೈರೇಶ ಆ ಕಂಬದ ಹತ್ತಿರ ಹೋಗಿ ನಿಂತ.

"ಈಗ ಹಚ್ಚಿ ಮಾವ," ಎಂದ. "ಬಂದಿದೀನಿ."