ನೋಡಾಕಲ್ಲ, ನೋಡಿಕೊಳ್ಳಾಕ

ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಉಷಾರಾಣಿ ಸಂತೆಯಲ್ಲಿ ತೆಲುಗನ್ನು ಅರಳು ಹುರಿದಂತೆ ಮಾತಾಡುವಳು. ಅದೇ ತೆಲುಗು ಕಾಗದದ ಮೇಲೆ ಬಂದರೆ ಅಲ್ಲೊಂದು ಇಲ್ಲೊಂದು ಅಕ್ಷರ ಹಿಡಿದು ಉಳಿದದ್ದನ್ನು ಊಹಿಸುವಳು. ಅಕ್ಕ ಚಂದ್ರಕಲಾಳ ಮನೆಯ ಪಡಸಾಲೆಯಲ್ಲಿ ಹನ್ನೊಂದು ವರ್ಷ ಮಲಗೆದ್ದು, ಆ ಮನೆಯವರಿಗೆಲ್ಲ ಬಡಿಸಿ ಬೇಸತ್ತವಳಿಗೆ ಬೇಕಾಗಿದ್ದದ್ದು ಒಂದೇ: ತಾನೊಬ್ಬಳೇ ಇರುವ, ಯಾರಿಗೂ ಬಡಿಸಬೇಕಿಲ್ಲದ ಮನೆ.

ಕೋಟೆ ಬೀದಿಯ ಮನೆ ತೋರಿಸಲು ಬಂದ ಏಜೆಂಟ್ ವಾಗೀಶ್ ಹೊಸ್ತಿಲಾಚೆಯೇ ನಿಂತು ತೆಲುಗಿನ ಕಾಗದವೊಂದನ್ನು ಚಾಚಿದ.

"ಮೊದ್ಲು ಸೈನ್, ಆಮ್ಯಾಲೆ ಕೀಲಿ."

"ನೋಡಾಕೂ ಸೈನ್ ಬೇಕೇನ್ರಿ?"

"ಓದಿ ಹಾಕ್ರಿ. ಆಮ್ಯಾಲೆ ನನ್ನ ಬೈಬ್ಯಾಡ್ರಿ."

ಆ ಮಾತಿಗಾದರೂ ಹೆದರಬೇಕಿತ್ತು ಪುಣ್ಯಾತ್ಗಿತ್ತಿ. 'ಚೂಚು' ಎಂಬಲ್ಲಿ ಬೆರಳಿಟ್ಟು, ನೋಡುವುದಕ್ಕೆ ಅಷ್ಟೇ ತಾನೇ ಎಂದು ಸಹಿ ಗೀಚಿದಳು. ವಾಗೀಶ್ ದೊಡ್ಡದಾಗಿ ಉಸಿರು ಬಿಟ್ಟ.

ಒಳಗೆ ಬೀಗ ಬಿದ್ದ ಮನೆಯ ಮುಗ್ಗು ವಾಸನೆಯಿರಲಿಲ್ಲ. ಮೂಲೆಯಲ್ಲೊಂದು ಹಗ್ಗದ ಮಂಚ. ಯಾರೂ ಇರಲಿಲ್ಲ, ಆದರೆ ಹಗ್ಗ ಮಾತ್ರ ಒಬ್ಬರು ಮಲಗಿದಷ್ಟು ಕೆಳಗೆ ಜಗ್ಗಿತ್ತು.

"ಬಂದ್ಯಾ ತಾಯಿ? ಹಸಿವಾಗೈತಿ."

ಉಷಾರಾಣಿ ಬಿದ್ದೆದ್ದು ಹೊರಗೋಡಿದಳು.

"ಯಾರ್ರಿ ಆಕಿ?"

"ಶಂಕ್ರಮ್ಮ. ಹಾಸಿಗಿ ಹಿಡಿದಿದ್ಳು. ಮನ್ಯಾಗಿನೋರು ಕೀಲಿ ಹಾಕ್ಕೊಂಡು ಊರಿಗೆ ಹೋದ್ರು. ಹಸ್ಕೊಂಡೇ ಸತ್ಳು."

"ನನಗೀ ಮನಿ ಬ್ಯಾಡ!"

"ಮನಿ ಬಿಡ್ರಿ. ಕಾಗದದಾಗ 'ಚೂಚುಟಕು' ಅಂತಿಲ್ರಿ, 'ಚೂಚುಕೊನುಟಕು' ಅಂತೈತಿ. ನೋಡಾಕಲ್ಲ, ನೋಡಿಕೊಳ್ಳಾಕ. ಒಳಗಿರೋ ಆಕಿನ್ನ. ಮನಿ ತಗಂಡ್ರೂ, ಬಿಟ್ರೂ." ಅವನು ಕಾಗದ ಮಡಿಸಿ ಅವಳ ಕೈಗಿಟ್ಟ. "ನಾನೂ ಹಿಂಗ ಓದ್ದೇ ಹಾಕಿದ್ದೆ. ಯುಗಾದಿಯಿಂದ ಎರಡು ತಾಟು ಇಟ್ಕಂಡು ಉಣ್ತಿದ್ದೆ. ಇನ್ನೊಬ್ರು ಸೈನ್ ಹಾಕಿದ್ರ ಬಿಡ್ತಾಳ್ರಿ ಆಕಿ. ತಪ್ಪಾತು ತಂಗಿ."

ಅವನ ಕಣ್ಣಲ್ಲಿ ನೀರಿತ್ತು. ಆದರೂ ಬೈಕ್ ಹತ್ತಿ ಹೊರಟೇಬಿಟ್ಟ.

ಸಂಜೆ ಅಕ್ಕನ ಮನೆಯಲ್ಲಿ ಉಷಾರಾಣಿ ಮುದ್ದೆ ಮುರಿಯುವಷ್ಟರಲ್ಲಿ ಬೆನ್ನ ಹಿಂದೆ ಹಗ್ಗ ಕಿರುಗುಟ್ಟಿತು. ಆ ಮನೆಯಲ್ಲಿ ಹಗ್ಗದ ಮಂಚವೇ ಇರಲಿಲ್ಲ.

"ಮೊದ್ಲು ನಂಗ, ತಾಯಿ."

ಅವಳು ಎದ್ದು ಇನ್ನೊಂದು ತಾಟಿಗೆ ಬಡಿಸಿದಳು. ಸೆರಗಿನ ಗಂಟಿನಲ್ಲಿ ಕಾಗದ ಚುಚ್ಚುತ್ತಿತ್ತು.

"ಎರಡು ತಾಟು ಯಾಕ?" ಚಂದ್ರಕಲಾ ಕೇಳಿದಳು.

ಹನ್ನೊಂದು ವರ್ಷ ಅನ್ನ ಹಾಕಿದ ಅಕ್ಕ. ಉಷಾರಾಣಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಆದರೂ ಕೈ ಗಂಟು ಬಿಚ್ಚುತ್ತಿತ್ತು.

"ಅಕ್ಕಾ, ಕೋಟೆ ಬೀದಿ ಮನಿ ನೀನೂ ಒಂದ್ಸಲ ನೋಡಿ ಬರ್ತೀಯೇನು?"